ಮರಳಿ ಮರಳಿ ಬರುವ ತುರಿಕೆ

ಶರೀರಕ್ಕೆ ಒದಗುವ ಬಾಧೆಗಳಲ್ಲಿ ನೋವಿಗೆ ಸಿಗುವ ಮರ್ಯಾದೆ ತುರಿಕೆಗೆ ಸಿಗುವುದಿಲ್ಲ. ಹಲ್ಲುನೋವೆಂದು ಗಲ್ಲಕ್ಕೆ ಕೈಯೊತ್ತಿ ಕುಳಿತವನನ್ನು ಕಂಡವರು 'ಅಯ್ಯೋ ಪಾಪ' ಎನ್ನುತ್ತಾರೆ. ಮೈ ಪರಚಿಕೊಳ್ಳುತ್ತ ಕುಳಿತವನನ್ನು ಕಂಡವರು ಮುಖ ಸಿಂಡರಿಸಿ ಒಂದು ಮಾರು ದೂರ ಸರಿಯುತ್ತಾರೆ. ತುರಿಕೆಯಿಂದ ಯಾರಿಗೂ ಏನೂ ಆಗುವುದಿಲ್ಲವೆಂಬುದು ಜನರ ಎಣಿಕೆ. ಆದರೆ ರಾತ್ರಿಯ ನಿದ್ರೆಯನ್ನೂ ಹಗಲಿನ ಓದನ್ನೂ ಒಡನಾಡಿಗಳ ಸ್ನೇಹವನ್ನೂ ಒಟ್ಟಿಗೆ ಕಸಿದುಕೊಳ್ಳುವ ಶಕ್ತಿ ಅದಕ್ಕಿದೆ. ಇದನ್ನು ನಾನು ಮೊದಲು ಕಲಿತದ್ದು ಪುಸ್ತಕದಿಂದಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ.

1991ನೆಯ ಇಸವಿ. ಬಯಲುಸೀಮೆಯ ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ ನಾನು ಕನ್ನಡ ಅಧ್ಯಾಪಕನಾಗಿದ್ದೆ. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಚುರುಕು ಬುದ್ಧಿಯವನು, ಅಕ್ಷರ ಮುತ್ತು ಪೋಣಿಸಿದಂತೆ. ದೀಪಾವಳಿ ಕಳೆದು ಚಳಿಗಾಳಿ ಬೀಸತೊಡಗಿದೊಡನೆ ಅವನು ಮೊಣಕೈಯ ಒಳಮಡಿಕೆ, ಮೊಣಕಾಲ ಹಿಂಬದಿ, ಕತ್ತಿನ ಸುತ್ತ ಕೆರೆದುಕೊಳ್ಳಲು ಆರಂಭಿಸುತ್ತಿದ್ದ. ಕೆರೆದ ಜಾಗವೆಲ್ಲ ಕಪ್ಪಾಗಿ, ದಪ್ಪವಾಗಿ, ಆನೆಯ ಚರ್ಮದಂತೆ ಗೆರೆಗೆರೆಯಾಗಿತ್ತು. ಒಂದು ದಿನ ಅವನ ಪಕ್ಕದ ಹುಡುಗರು ಬಂದು, "ಸಾರ್, ಇವನ ಕಜ್ಜಿ ನಮಗೂ ಅಂಟುತ್ತದೆ" ಎಂದು ದೂರಿದರು. ನಾನು ಹೆಚ್ಚು ಯೋಚಿಸಲಿಲ್ಲ. ಕಿಟಕಿಯ ಬಳಿಯಿದ್ದ ಮುರುಕಲು ಬೆಂಚಿನ ಮೇಲೆ ಅವನೊಬ್ಬನನ್ನೇ ಕುಳ್ಳಿರಿಸಿದೆ. ತರಗತಿಯ ಹಿತಕ್ಕಾಗಿ ಮಾಡಿದ್ದೇನೆಂದು ನನಗೆ ನಾನೇ ಹೇಳಿಕೊಂಡೆ. ವಾರ ಕಳೆಯುವಷ್ಟರಲ್ಲಿ ಹುಡುಗ ಶಾಲೆಗೆ ಬರುವುದನ್ನೇ ನಿಲ್ಲಿಸಿದ.

ಅವನ ತಾಯಿ ನನ್ನನ್ನು ಹುಡುಕಿಕೊಂಡು ಬಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. "ಮೇಷ್ಟ್ರೇ, ಇವನಿಗೆ ಇದು ಹಾಲು ಕುಡಿಯುವ ಕೂಸಾಗಿದ್ದಾಗಿನಿಂದ ಇದೆ. ಇವನ ತಮ್ಮ ಹುಟ್ಟಿದಾಗಿನಿಂದ ಇವನ ಜೊತೆ ಒಂದೇ ಚಾಪೆಯ ಮೇಲೆ, ಒಂದೇ ಹೊದಿಕೆಯೊಳಗೆ ಮಲಗುತ್ತಾನೆ. ಅವನಿಗೆ ಇದುವರೆಗೂ ಅಂಟಿಲ್ಲ. ಶಾಲೆಯಲ್ಲಿ ಹೇಗೆ ಅಂಟುತ್ತದೆ, ನೀವೇ ಹೇಳಿ" ಎಂದರು. ಆ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ವಿಜ್ಞಾನದ ಪಾಠ ಹೇಳುವವರು ಕೇಳಬೇಕಾಗಿದ್ದ ಪ್ರಶ್ನೆಯನ್ನು ಅವರು ಕೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಶನಿವಾರ ತಾಯಿ ಮಗನೊಡನೆ ನಾನೂ ಬಸ್ಸು ಹತ್ತಿ ಜಿಲ್ಲಾ ಕೇಂದ್ರದ ಚರ್ಮವೈದ್ಯರಲ್ಲಿಗೆ ಹೋದೆ. ಅಂದು ಅವರಿಂದ ಕೇಳಿದುದನ್ನೂ, ಆ ಬಳಿಕ ಕುತೂಹಲದಿಂದ ಓದಿ ತಿಳಿದುದನ್ನೂ ಇಲ್ಲಿ ನಿಮ್ಮ ಮುಂದಿಡುತ್ತೇನೆ.

ವೈದ್ಯರು ಮೊದಲು ಹೇಳಿದ ಮಾತು ಚರ್ಮದ ರಚನೆಯನ್ನು ಕುರಿತದ್ದು. ಚರ್ಮದ ಹೊರಪದರವನ್ನು ಒಂದು ಗೋಡೆಯೆಂದು ಭಾವಿಸಿರಿ. ಸತ್ತು ಚಪ್ಪಟೆಯಾದ ಜೀವಕೋಶಗಳೇ ಅದರ ಇಟ್ಟಿಗೆಗಳು. ಅವುಗಳ ನಡುವೆ ತುಂಬಿಕೊಂಡಿರುವ ಕೊಬ್ಬಿನಂಶವೇ ಗಾರೆ. ಕಾಗದದಷ್ಟು ತೆಳುವಾದ ಈ ಗೋಡೆ ಎರಡು ಕೆಲಸಗಳನ್ನು ಮಾಡುತ್ತದೆ. ಒಳಗಿನ ನೀರು ಹೊರಗೆ ಆವಿಯಾಗಿ ಹೋಗದಂತೆ ತಡೆಯುವುದು ಒಂದು. ಹೊರಗಿನ ಧೂಳು, ಸೋಪು, ರೋಗಾಣುಗಳು ಒಳಗೆ ನುಸುಳದಂತೆ ಕಾಯುವುದು ಇನ್ನೊಂದು. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ಗಾರೆಯ ಕೆಲಸ ಕಚ್ಚಾ ಆಗಿರುತ್ತದೆ. ಮಳೆಗಾಲದಲ್ಲಿ ಸೋರುವ ಮಣ್ಣಿನ ಗೋಡೆಯಂತೆ ಅವರ ಚರ್ಮ ಎರಡೂ ಕಡೆಗೆ ಸೋರುತ್ತದೆ: ನೀರು ಹೊರಕ್ಕೆ, ಕೆಣಕುವ ವಸ್ತು ಒಳಕ್ಕೆ. ಇದನ್ನು ವೈದ್ಯರು 'ಅಟಾಪಿಕ್ ಡರ್ಮಟೈಟಿಸ್' ಎನ್ನುತ್ತಾರೆ. ನಮ್ಮ ಜನ ಇಸುಬು ಎಂದು ಕರೆಯುವ ಕಾಯಿಲೆಗಳಲ್ಲಿ ಇದೂ ಒಂದು. ಈ ದೋಷಕ್ಕೆ ಒಂದು ಕಾರಣವು 2006ರಲ್ಲಿ ಸ್ಪಷ್ಟವಾಯಿತು. ಸ್ಕಾಟ್ಲೆಂಡಿನ ಡಂಡೀ ನಗರದ ಸಂಶೋಧಕರು 'ಫಿಲಾಗ್ರಿನ್' ಎಂಬ ಸಸಾರಜನಕ ವಸ್ತುವನ್ನು ತಯಾರಿಸುವ ವಂಶವಾಹಿಯಲ್ಲಿ ಊನವಿರುವವರಿಗೆ ಈ ರೋಗ ಹೆಚ್ಚಾಗಿ ತಗಲುವುದನ್ನು ತೋರಿಸಿದರು. ಫಿಲಾಗ್ರಿನ್ ಚರ್ಮದ ಇಟ್ಟಿಗೆಗಳನ್ನು ಗಟ್ಟಿಗೊಳಿಸುವುದಲ್ಲದೆ ಒಡೆದು ಚೂರಾದ ಮೇಲೆ ತೇವವನ್ನೂ ಹಿಡಿದಿಡುತ್ತದೆ. ರೋಗಿಗಳೆಲ್ಲರಲ್ಲಿಯೂ ಈ ಊನವಿರುವುದಿಲ್ಲ. ಆದರೆ ರೋಗದ ಬೇರು ಚರ್ಮದ ಗೋಡೆಯಲ್ಲಿಯೂ ಇದೆಯೆಂಬುದಕ್ಕೆ ಇದು ಬಲವಾದ ಸಾಕ್ಷ್ಯ.

ಗೋಡೆ ಸೋರುವುದು ಕಥೆಯ ಅರ್ಧ ಭಾಗ. ಉಳಿದರ್ಧ ಒಳಗಿರುವ ಕಾವಲುಗಾರರದು. ರೋಗಾಣುಗಳೊಡನೆ ಹೋರಾಡಲೆಂದು ನಮ್ಮ ದೇಹದಲ್ಲಿ ಒಂದು ರಕ್ಷಣಾ ವ್ಯವಸ್ಥೆಯಿದೆಯಷ್ಟೆ. ಅದು ಕೆಲವೊಮ್ಮೆ ಕಳ್ಳನನ್ನೂ ನೆಂಟನನ್ನೂ ಬೇರ್ಪಡಿಸಲಾರದ ತಳವಾರನಂತೆ ವರ್ತಿಸುತ್ತದೆ. ಮನೆಯ ಧೂಳು, ಹೂವಿನ ಪರಾಗ, ಮೊಟ್ಟೆಯ ಬಿಳಿ ಇವು ಯಾವುವೂ ಶತ್ರುಗಳಲ್ಲ. ಆದರೂ ಅವನ್ನು ಕಂಡೊಡನೆ ಈ ತಳವಾರ ಊರೆಲ್ಲ ಎಚ್ಚರಗೊಳ್ಳುವಂತೆ ಕೂಗೆಬ್ಬಿಸುತ್ತಾನೆ. ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ದೇಹದ ಇಂಥ ಬದಲಾದ ವರ್ತನೆಗೆ 'ಅಲರ್ಜಿ' ಎಂದು ಹೆಸರಿಟ್ಟ. 'ಬೇರೆ' ಮತ್ತು 'ಕೆಲಸ' ಎಂಬರ್ಥದ ಎರಡು ಗ್ರೀಕ್ ಪದಗಳ ಜೋಡಣೆ ಅದು. ಕನ್ನಡದಲ್ಲಿ ಇದನ್ನು 'ಒಗ್ಗದಿಕೆ' ಎಂದವರುಂಟು. ಗ್ರೀಕ್ ಪದಕ್ಕಿಂತ ಕನ್ನಡ ಪದವೇ ವಿಷಯವನ್ನು ನೇರವಾಗಿ ಹೇಳುತ್ತದೆಂದು ನನ್ನ ಅಭಿಪ್ರಾಯ. ಒಬ್ಬರ ಮೈಗೆ ಒಗ್ಗಿದ್ದು ಇನ್ನೊಬ್ಬರ ಮೈಗೆ ಒಗ್ಗುವುದಿಲ್ಲ; ತಪ್ಪು ವಸ್ತುವಿನದಲ್ಲ.

ಕೂಗೆಬ್ಬಿಸುವ ಈ ಕಾವಲುಗಾರ ಯಾರೆಂಬುದು ಬಹುಕಾಲ ತಿಳಿದಿರಲಿಲ್ಲ. 1966ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಕೆಲಸಮಾಡುತ್ತಿದ್ದ ಕಿಮಿಶಿಗೆ ಇಶಿಝಾಕಾ ಮತ್ತು ತೆರುಕೊ ಇಶಿಝಾಕಾ ಎಂಬ ಜಪಾನಿ ದಂಪತಿಗಳು 'ಇಮ್ಯುನೊಗ್ಲಾಬ್ಯುಲಿನ್ ಇ' ಎಂಬ ಪ್ರತಿಕಾಯವನ್ನು ಕಂಡುಹಿಡಿದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಸ್ವೀಡನ್ನಿನ ಸಂಶೋಧಕರೂ ಅದನ್ನು ಗುರುತಿಸಿದರು. ಈ ಪ್ರತಿಕಾಯವು ಚರ್ಮದಲ್ಲಿರುವ ಮಾಸ್ಟ್ ಕೋಶಗಳೆಂಬ ಚೀಲಗಳ ಮೇಲೆ ಅಂಟಿ ಕುಳಿತಿರುತ್ತದೆ. ಒಗ್ಗದ ವಸ್ತು ಬಂದು ತಾಗಿದೊಡನೆ ಚೀಲ ಬಿಚ್ಚಿ 'ಹಿಸ್ಟಮಿನ್' ಮುಂತಾದ ರಾಸಾಯನಿಕಗಳು ಹೊರಚೆಲ್ಲುತ್ತವೆ. ಸಣ್ಣ ರಕ್ತನಾಳಗಳು ಹಿಗ್ಗಿ ನೀರು ಒಸರಿ ಜಾಗ ಊದಿಕೊಳ್ಳುತ್ತದೆ. ನರಗಳ ತುದಿ ಕೆರಳಿ ತುರಿಕೆ ಹುಟ್ಟುತ್ತದೆ.

ಹೀಗೆ ಹುಟ್ಟುವ ಕಾಯಿಲೆಗಳಲ್ಲಿ ನಿಮಗೆಲ್ಲ ಪರಿಚಿತವಾದದ್ದು ಪಿತ್ತಗಂಧೆ. ಇದ್ದಕ್ಕಿದ್ದಂತೆ ಮೈಮೇಲೆ ಕೆಂಪಗೆ ದದ್ದುಗಳೇಳುತ್ತವೆ. ಒಂದು ಕಡೆ ಅಡಗಿ ಇನ್ನೊಂದು ಕಡೆ ಏಳುತ್ತವೆ. ಹಳ್ಳಿಯಲ್ಲಿ ಅಜ್ಜಿಯಂದಿರು ದೊಡ್ಡಪತ್ರೆಯ ಎಲೆಯನ್ನು ಹಿಂಡಿ ಹಚ್ಚುತ್ತಿದ್ದರು; ಸಂಜೆಯ ವೇಳೆಗೆ ದದ್ದು ಮಾಯವಾಗುತ್ತಿತ್ತು. ಎಲೆಯ ತಂಪು ಹಿತವಾಗಿರಬಹುದು. ಆದರೆ ಪಿತ್ತಗಂಧೆಯ ಒಂದೊಂದು ದದ್ದೂ ಏನನ್ನೂ ಹಚ್ಚದಿದ್ದರೂ ಸಾಮಾನ್ಯವಾಗಿ ಒಂದು ದಿನದೊಳಗೆ ತಾನಾಗಿಯೇ ಇಳಿಯುತ್ತದೆ. ದೊಡ್ಡಪತ್ರೆಗೆ ಬಂದ ಕೀರ್ತಿಯಲ್ಲಿ ಹೆಚ್ಚಿನ ಪಾಲು ಕಾಲಕ್ಕೆ ಸಲ್ಲಬೇಕು. ಹಿಸ್ಟಮಿನ್ನನ್ನು ತಡೆಯುವ ಮಾತ್ರೆಗಳು ಪಿತ್ತಗಂಧೆಗೆ ಚೆನ್ನಾಗಿ ನಾಟುತ್ತವೆ. ಇಸುಬಿನ ತುರಿಕೆಯಲ್ಲಾದರೋ ಹಿಸ್ಟಮಿನ್ನಿನ ಪಾತ್ರ ಚಿಕ್ಕದು. ಆದುದರಿಂದ ಅಲ್ಲಿ ಆ ಮಾತ್ರೆಗಳಿಂದ ದೊರೆಯುವ ಪ್ರಯೋಜನವೂ ಅಲ್ಪ. 'ಎಲ್ಲ ಅಲರ್ಜಿಗೂ ಒಂದೇ ಮಾತ್ರೆ' ಎಂದು ತಿಳಿದು ವರ್ಷಗಟ್ಟಲೆ ನುಂಗಿಸುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ತುರಿಸುವುದೆಲ್ಲ ಒಗ್ಗದಿಕೆಯಲ್ಲ. ನನ್ನ ತರಗತಿಯ ಹುಡುಗರು ಹೆದರಿದ್ದ ಕಜ್ಜಿಯೂ ಒಂದಿದೆ. ಅದು ನಿಜವಾಗಿಯೂ ಅಂಟುತ್ತದೆ. ಸೂಜಿಮೊನೆಗಿಂತ ಸಣ್ಣದಾದ ಒಂದು ಬಗೆಯ ನುಸಿ ಚರ್ಮದಲ್ಲಿ ಬಿಲ ಕೊರೆದು ಮೊಟ್ಟೆಯಿಡುವುದೇ ಅದರ ಕಾರಣ. ಇಟಲಿಯ ಬೊನೊಮೊ ಎಂಬ ವೈದ್ಯ ತನ್ನ ಸಂಗಡಿಗನೊಡನೆ 1687ರಲ್ಲಿಯೇ ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದಿಟ್ಟಿದ್ದ. ಕಜ್ಜಿಯ ತುರಿಕೆ ರಾತ್ರಿ ಹೆಚ್ಚು; ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆಗಳೇಳುತ್ತವೆ; ಮನೆಯಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಕೆರೆದುಕೊಳ್ಳತೊಡಗುತ್ತಾರೆ. ಅದಕ್ಕೆ ಖಚಿತವಾದ ಔಷಧವುಂಟು. ಆದರೆ ಮನೆಮಂದಿಯೆಲ್ಲ ಏಕಕಾಲಕ್ಕೆ ಹಚ್ಚಿಕೊಳ್ಳಬೇಕು. ಉಂಗುರದಾಕಾರದಲ್ಲಿ ಹಬ್ಬುವ ಗಜಕರ್ಣವು ಶಿಲೀಂಧ್ರದಿಂದ ಬರುತ್ತದೆ, ಅದೂ ಅಂಟುವಂಥದೇ. ಸೊಳ್ಳೆ, ಚಿಗಟ, ತಿಗಣೆ ಕಚ್ಚಿದ ಜಾಗದಲ್ಲಿ ಗಟ್ಟಿ ಗುಳ್ಳೆಯೆದ್ದು ವಾರಗಟ್ಟಲೆ ತುರಿಸುವುದು ನಮ್ಮ ಮಕ್ಕಳಲ್ಲಿ ಬಹಳ ಸಾಮಾನ್ಯ. ಅದು ಕೀಟದ ಜೊಲ್ಲಿಗೆ ತೋರುವ ಒಗ್ಗದಿಕೆ; ಸೊಳ್ಳೆಪರದೆಯೇ ಅದಕ್ಕೆ ಮೊದಲ ಮದ್ದು. ನಸುಗುನ್ನಿಯ ಕಾಯಿ ಮುಟ್ಟಿದಾಗಲೋ ಕಂಬಳಿಹುಳು ಮೈಮೇಲೆ ಹರಿದಾಗಲೋ ಆಗುವ ಉರಿ ಆ ರೋಮಗಳು ಚುಚ್ಚಿದುದರ ಫಲ. ಅದು ಯಾರನ್ನೂ ಬಿಡುವುದಿಲ್ಲ.

ವೈದ್ಯರು ಆ ಹುಡುಗನಿಗೆ ಇಸುಬೆಂದು ನಿರ್ಣಯಿಸಿದ್ದು ಯಾವ ಯಂತ್ರದಿಂದಲೂ ಅಲ್ಲ, ಪ್ರಶ್ನೆಗಳಿಂದ. ಎಳೆಗೂಸಾಗಿದ್ದಾಗ ಎಲ್ಲಿ ತುರಿಸುತ್ತಿತ್ತು? ಕೆನ್ನೆಯಲ್ಲಿ. ಈಗ? ಕೈಕಾಲ ಮಡಿಕೆಗಳಲ್ಲಿ. ಮನೆಯಲ್ಲಿ ಯಾರಿಗಾದರೂ ಉಬ್ಬಸವುಂಟೆ? ತಂದೆಗೆ ಉಂಟು. ಬೆಳಗೆದ್ದೊಡನೆ ಸಾಲಾಗಿ ಸೀನುವವರು? ಸೋದರತ್ತೆ. ಇವು ಮೂರೂ ಒಂದೇ ಬಳ್ಳಿಯ ಕಾಯಿಗಳೆಂದು ಅವರು ವಿವರಿಸಿದರು. ನಮ್ಮ ಜನರ ಕಂದುಬಣ್ಣದ ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಕಪ್ಪಾಗಿ, ಬೂದಿ ಬಳಿದಂತಾಗಿ, ಮುಟ್ಟಿದರೆ ಒರಟಾಗಿ ತೋರುತ್ತದೆ. ಕಣ್ಣಿನಷ್ಟೇ ಬೆರಳೂ ನೋಡಬೇಕು ಎಂದು ಹೇಳಿ ಅವರು ಹುಡುಗನ ಮೊಣಕೈಯನ್ನು ಬರಿಗೈಯಿಂದ ನೇವರಿಸಿದರು. ತಮ್ಮನನ್ನು ಬಿಟ್ಟರೆ ಹೊರಗಿನವರಾರೂ ಅವನ ಕೈಯನ್ನು ಹಾಗೆ ಮುಟ್ಟಿರಲಿಲ್ಲವೇನೋ. ಹುಡುಗ ಬೆಚ್ಚಿ ಕೈಯನ್ನು ಹಿಂದಕ್ಕೆಳೆದುಕೊಂಡ.

ಚಿಕಿತ್ಸೆಯ ಮಾತು ಬಂದಾಗ ಅವರು ಔಷಧದ ಹೆಸರನ್ನು ಮೊದಲು ಹೇಳಲಿಲ್ಲ. ಸ್ನಾನದ ಬಗ್ಗೆ ಕೇಳಿದರು. ಹಂಡೆಯಲ್ಲಿ ನೀರು ಮರಳುವಷ್ಟು ಕಾಯಿಸಿ, ಗಟ್ಟಿ ಸೋಪಿನಿಂದ ತಿಕ್ಕಿ, ಅರ್ಧ ಗಂಟೆ ಮೀಯಿಸುತ್ತಿದ್ದರಂತೆ. ಕೊಳೆಯಿಂದ ಬಂದ ರೋಗವೆಂದು ಅವರ ನಂಬಿಕೆ. ಬಿಸಿನೀರು ಬಿದ್ದಾಗ ತುರಿಕೆಯ ಜಾಗಕ್ಕೆ ಸುಖವೆನಿಸುವುದು ನಿಜ. ಆದರೆ ಆ ಸುಖದ ಬೆಲೆ ಹೆಚ್ಚು. ಸುಡುನೀರೂ ಸೋಪೂ ಸೇರಿ ಮೊದಲೇ ಕಡಿಮೆಯಿರುವ ಗಾರೆಯನ್ನು ತೊಳೆದುಬಿಡುತ್ತವೆ. ಉಗುರು ಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷದ ಸ್ನಾನ, ಕೊಳೆಯಿರುವ ಕಡೆಗೆ ಮಾತ್ರ ಮೃದುವಾದ ಸೋಪು—ಇಷ್ಟು ಸಾಕು. ಸ್ನಾನವಾದ ಮೇಲೆ ಮೈಯನ್ನು ಉಜ್ಜದೆ ಟವಲಿನಿಂದ ಒತ್ತಿ ಒರೆಸಿ, ತೇವ ಆರುವ ಮೊದಲೇ, ಅಂದರೆ ಎರಡು ಮೂರು ನಿಮಿಷಗಳೊಳಗೆ, ಮೈಗೆಲ್ಲ ಜಿಡ್ಡು ಹಚ್ಚಬೇಕು. ವ್ಯಾಸಲೀನ್ ಆಗಬಹುದು, ವೈದ್ಯರು ಸೂಚಿಸುವ ಸುವಾಸನೆಯಿಲ್ಲದ ಕ್ರೀಮು ಆಗಬಹುದು, ಮನೆಯಲ್ಲಿರುವ ಶುದ್ಧ ಕೊಬ್ಬರಿ ಎಣ್ಣೆಯೂ ಹಲವು ಮಕ್ಕಳಿಗೆ ಒಗ್ಗುತ್ತದೆ. ಸಾಸಿವೆ ಎಣ್ಣೆ ಕೆರಳಿಸಬಹುದು, ಅದು ಬೇಡ.

ಇಲ್ಲಿ ನಮ್ಮ ಎಣ್ಣೆಸ್ನಾನದ ಬಗ್ಗೆ ಒಂದು ಮಾತು. ಹಬ್ಬದ ದಿನ ಮೊದಲು ಎಣ್ಣೆಯೊತ್ತಿ, ಆಮೇಲೆ ಸೀಗೆಪುಡಿಯನ್ನೋ ಕಡಲೆಹಿಟ್ಟನ್ನೋ ಹಾಕಿ ತಿಕ್ಕಿ, ಎಣ್ಣೆಯ ಹನಿಯೂ ಉಳಿಯದಂತೆ ತೊಳೆಯುತ್ತೇವೆ. ಆರೋಗ್ಯವಂತ ಚರ್ಮಕ್ಕೆ ಅದು ಹಬ್ಬವೇ. ಸೋರುವ ಚರ್ಮದ ಮಗುವಿಗೆ ಮಾತ್ರ ಈ ಕ್ರಮ ತಿರುಗುಮುರುಗಾಗಬೇಕು: ಮೊದಲು ನೀರು, ಆಮೇಲೆ ಎಣ್ಣೆ, ಎಣ್ಣೆ ಮೈಮೇಲೆಯೇ ಉಳಿಯಬೇಕು. ಬೇವು, ಅರಿಸಿನಗಳನ್ನು ಅರೆದು ಬಿರಿದ ಚರ್ಮಕ್ಕೆ ಮೆತ್ತುವುದರಿಂದ ಉರಿ ಹೆಚ್ಚುವುದೂ ಉಂಟು. ಜಿಡ್ಡು ಹಚ್ಚುವ ಕೆಲಸ ತುರಿಕೆಯಿಲ್ಲದ ದಿನಗಳಲ್ಲಿಯೂ ನಡೆಯಬೇಕು, ದಿನಕ್ಕೆ ಎರಡು ಸಲ. ಜನ ಎಡವುವುದು ಇಲ್ಲಿಯೇ. ಗೋಡೆ ಸೋರದ ದಿನ ಗಾರೆಯ ನೆನಪು ಯಾರಿಗೂ ಬರುವುದಿಲ್ಲ.

ಇನ್ನು ಕೆರೆತ. ಕೆರೆದಷ್ಟೂ ಚರ್ಮ ಹರಿಯುತ್ತದೆ, ಹರಿದಷ್ಟೂ ತುರಿಸುತ್ತದೆ. ಗಾಣದ ಎತ್ತಿನಂತೆ ಒಂದೇ ಸುತ್ತು. 'ಕೆರೆಯಬೇಡ' ಎಂದು ಗದರಿಸುವುದರಿಂದ ಈ ಸುತ್ತು ನಿಲ್ಲದು. ಕೆಮ್ಮಬೇಡವೆಂದರೆ ಕೆಮ್ಮು ನಿಲ್ಲುವುದೆ? ಉಗುರನ್ನು ವಾರಕ್ಕೊಮ್ಮೆ ಕತ್ತರಿಸುವುದು, ತುರಿಸುವ ಜಾಗಕ್ಕೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನಿಡುವುದು, ಕೆರೆಯುವ ಬದಲು ಅಂಗೈಯಿಂದ ಒತ್ತಿ ಹಿಡಿಯುವುದು, ಕೈಗೆ ಬೇರೊಂದು ಕೆಲಸ ಕೊಡುವುದು ಇವು ನೆರವಾಗುತ್ತವೆ. ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಲಿ. ಉಣ್ಣೆಯ ಕಂಬಳಿಯನ್ನೇ ಹೊದೆಯಬೇಕಾದಲ್ಲಿ ಒಳಗೆ ಹಳೆಯ ಸೀರೆಯನ್ನೋ ಪಂಚೆಯನ್ನೋ ಸೇರಿಸಿಕೊಳ್ಳಬಹುದು. ಬಟ್ಟೆ ಒಗೆದ ಪುಡಿ ನೂಲಿನಲ್ಲಿ ಉಳಿಯದಂತೆ ಮತ್ತೊಮ್ಮೆ ಜಾಲಿಸಬೇಕು. ಹಾಸಿಗೆ ದಿಂಬುಗಳಲ್ಲಿ ಕಣ್ಣಿಗೆ ಕಾಣದ ಧೂಳುನುಸಿಗಳು ಸೇರಿಕೊಳ್ಳುವುದರಿಂದ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು ಒಳ್ಳೆಯದು. ಆಟವಾಡಿ ಬೆವರಿದ ಮೇಲೆ ತಣ್ಣೀರಿನಿಂದ ಕೈಕಾಲು ಕತ್ತು ತೊಳೆದು ಒರೆಸಿ ಮತ್ತೆ ಸ್ವಲ್ಪ ಎಣ್ಣೆ ಸವರಿಕೊಳ್ಳಬೇಕು, ಆಟವನ್ನೇ ಬಿಡಿಸಬೇಕಾಗಿಲ್ಲ.

ಶಾಲೆಯ ಅಂಗಳದಲ್ಲಿ ಮಾತ್ರ ಒಂದು ಎಚ್ಚರ ಬೇಕು. ನಾವು ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ಆಮೇಲೆ ದೇಶವನ್ನೆಲ್ಲ ಆವರಿಸಿತು. ಅದನ್ನು ತಿನ್ನಲೆಂದು ಮೆಕ್ಸಿಕೋ ದೇಶದ ಒಂದು ಜೀರುಂಡೆಯನ್ನು ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಜೀರುಂಡೆ ತಿನ್ನುತ್ತಲೇ ಇದೆ, ಗಿಡ ಬೆಳೆಯುತ್ತಲೇ ಇದೆ. ಅದರ ರಸ, ರೋಮ, ಒಣಗಿದ ಪುಡಿ ತಾಗಿ ಕೈ, ಕತ್ತು, ರೆಪ್ಪೆಗಳಲ್ಲಿ ತೀವ್ರವಾದ ಇಸುಬೆದ್ದ ರೈತರು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ಶ್ರಮದಾನದ ದಿನ ಮಕ್ಕಳಿಂದ ಈ ಗಿಡವನ್ನು ಬರಿಗೈಯಲ್ಲಿ ಕೀಳಿಸುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಒಂದು ಕಾಲದಲ್ಲಿ ಕೀಳಿಸಿಯೂ ಇದ್ದೇನೆ. ಚರ್ಮದ ತೊಂದರೆಯಿರುವ ಮಗುವಿಗೆ ಆ ಕೆಲಸವನ್ನು ಕೊಡಲೇಬಾರದು.

ಆಹಾರದ ವಿಷಯಕ್ಕೆ ಬಂದರೆ ನಮ್ಮ ನಾಡಿನಲ್ಲಿ 'ನಂಜು' ಎಂಬುದೊಂದು ಮಾತಿದೆ. ಮೂಲದಲ್ಲಿ ಅದರ ಅರ್ಥ ವಿಷ. ಬದನೆಕಾಯಿ ನಂಜು, ಮೀನು ನಂಜು, ಕಡಲೆಕಾಯಿ ನಂಜು, ಆಲೂಗಡ್ಡೆಯೂ ನಂಜು. ಮೈ ತುರಿಸಿದೊಡನೆ ಇವೆಲ್ಲ ಎಲೆಯಿಂದ ಎದ್ದುಹೋಗುತ್ತವೆ. ಆ ಹುಡುಗನ ಮನೆಯಲ್ಲಿ ಐದು ವರ್ಷಗಳಿಂದ ಹಾಲು, ಮೊಟ್ಟೆ, ಕಡಲೆಕಾಯಿ, ಬದನೆ ನಾಲ್ಕನ್ನೂ ಬಿಡಿಸಿದ್ದರು. ಇಸುಬು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಹುಡುಗನ ತೂಕ ಮಾತ್ರ ಕಡಿಮೆಯಾಗಿತ್ತು. "ತಾಯೀ, ಬಿಡಿಸಿದ ಮೇಲೆ ಗುಣವಾಯಿತೆ?" ಎಂದು ವೈದ್ಯರು ಕೇಳಿದರು. "ಇಲ್ಲ ಸ್ವಾಮಿ." "ಹಾಗಾದರೆ ಅವುಗಳ ತಪ್ಪೇನು?" ಆ ತಾಯಿ ನನಗೆ ಹಾಕಿದ್ದ ಪ್ರಶ್ನೆಯಂಥದೇ ಪ್ರಶ್ನೆ ಇದು, ಅವರು ಮೊದಲ ಸಲ ನಕ್ಕರು.

ಆಹಾರ ಒಗ್ಗದ ಮಕ್ಕಳು ಇಲ್ಲವೇ ಇಲ್ಲವೆಂದು ಇದರ ಅರ್ಥವಲ್ಲ. ಒಂದು ಪದಾರ್ಥವನ್ನು ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ, ಪ್ರತಿ ಸಲವೂ, ದದ್ದೋ ವಾಂತಿಯೋ ಊತವೋ ಕಾಣಿಸಿಕೊಂಡರೆ ಅನುಮಾನಕ್ಕೆ ಆಧಾರವುಂಟು. ಆಗ ವೈದ್ಯರೇ ಪರೀಕ್ಷಿಸಿ ಹೇಳಬೇಕು. ಅನುಮಾನದ ಮೇಲೆಯೇ ಎಲ್ಲವನ್ನೂ ಬಿಡಿಸುವುದರಿಂದ ಹಾನಿಯಿದೆಯೆಂಬುದಕ್ಕೆ 2015ರಲ್ಲಿ ಒಂದು ಪ್ರಬಲ ಪುರಾವೆ ಬಂತು. ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ತೀವ್ರ ಇಸುಬೋ ಮೊಟ್ಟೆಯ ಒಗ್ಗದಿಕೆಯೋ ಇದ್ದ 600ಕ್ಕೂ ಹೆಚ್ಚು ಕೂಸುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವರ್ಷ ತುಂಬುವ ಮೊದಲೇ ಕಡಲೆಕಾಯಿಯ ತಿನಿಸನ್ನು ಆರಂಭಿಸಿದರು. ಇನ್ನೊಂದು ಗುಂಪಿಗೆ ಐದು ವರ್ಷದವರೆಗೆ ಕೊಡಲೇ ಇಲ್ಲ. ಕೊನೆಯಲ್ಲಿ ನೋಡಿದಾಗ ತಿನ್ನದೆ ಬೆಳೆದವರಲ್ಲಿಯೇ ಕಡಲೆಕಾಯಿಯ ಒಗ್ಗದಿಕೆ ಹಲವು ಪಟ್ಟು ಹೆಚ್ಚಾಗಿತ್ತು. ರಕ್ಷಣೆಯೆಂದು ಎಣಿಸಿದ್ದೇ ರೋಗಕ್ಕೆ ದಾರಿಯಾಗಿತ್ತು. ಇಂಥ ಕೂಸಿಗೆ ಏನನ್ನು ಎಂದು ಕೊಡಬೇಕೆಂಬುದನ್ನು ವೈದ್ಯರ ಮುಂದೆಯೇ ತೀರ್ಮಾನಿಸಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಕಡೆಗೆ ಮುಲಾಮು. ಹುಡುಗನ ತಾಯಿ ಸೆರಗಿನ ಗಂಟಿನಿಂದ ಹಿಂಡಿ ಹಿಂಡಿ ಚಪ್ಪಟೆಯಾದ ಒಂದು ಟ್ಯೂಬನ್ನು ತೆಗೆದು ತೋರಿಸಿದರು. ಔಷಧದಂಗಡಿಯವರು ಯಾವ ಚೀಟಿಯೂ ಇಲ್ಲದೆ ಕೊಟ್ಟದ್ದು. ಹಚ್ಚಿದರೆ ಎರಡು ದಿನದಲ್ಲಿ ಗುಣ, ಬಿಟ್ಟರೆ ವಾರದಲ್ಲಿ ಮೊದಲಿಗಿಂತ ಜೋರು. ಅದು ಸ್ಟೀರಾಯ್ಡ್ ಬೆರೆತ ಮುಲಾಮು. ಈ ವರ್ಗದ ಔಷಧಗಳ ಕಥೆ ದೊಡ್ಡದು. ಕಾರ್ಟಿಸೋನ್ ಸಂಶೋಧನೆಗಾಗಿ ಕೆಂಡಾಲ್, ಹೆಂಚ್, ರೈಖ್‌ಸ್ಟೈನ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1952ರಲ್ಲಿ ಆ ವರ್ಗದ ಹೈಡ್ರೋಕಾರ್ಟಿಸೋನ್ ಚರ್ಮಕ್ಕೆ ಹಚ್ಚಿದಾಗಲೂ ಕೆಲಸಮಾಡುತ್ತದೆಂದು ಅಮೆರಿಕದ ವೈದ್ಯರು ತೋರಿಸಿದರು. ಕೆರಳಿದ ಕಾವಲುಗಾರರನ್ನು ಸುಮ್ಮನಿರಿಸುವುದರಲ್ಲಿ ಇದಕ್ಕೆ ಸಾಟಿಯಾದುದು ಕಡಿಮೆ. ಆದರೆ ಬಲವಾದ ಬಗೆಯದನ್ನು ಮುಖಕ್ಕೋ ಮಡಿಕೆಗಳಿಗೋ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗುತ್ತದೆ; ಗಜಕರ್ಣಕ್ಕೆ ಹಚ್ಚಿದರೆ ರೋಗ ಮುಚ್ಚಿಕೊಂಡು ಒಳಗೊಳಗೇ ಹರಡುತ್ತದೆ. ಚೀಟಿಯಿಲ್ಲದೆ ಇವನ್ನು ಮಾರುವುದಕ್ಕೆ ತಡೆಯೊಡ್ಡಲೆಂದು ಭಾರತ ಸರ್ಕಾರ 2018ರಲ್ಲಿ ಇಂಥ ಹಲವು ಮುಲಾಮುಗಳಿಗೆ ವೈದ್ಯರ ಚೀಟಿಯನ್ನು ಕಡ್ಡಾಯ ಮಾಡಿತು.

ಇದನ್ನು ಕೇಳಿ ಇನ್ನೊಂದು ತುದಿಗೆ ಓಡುವವರೂ ಇದ್ದಾರೆ. 'ಸ್ಟೀರಾಯ್ಡ್' ಎಂಬ ಶಬ್ದ ಕಿವಿಗೆ ಬಿದ್ದೊಡನೆ ವೈದ್ಯರು ಕೊಟ್ಟ ಮುಲಾಮನ್ನು ಕಸದ ಬುಟ್ಟಿಗೆಸೆಯುತ್ತಾರೆ. ಇಲ್ಲವೆ ಹೆದರಿ ಹೆದರಿ ಸಾಸಿವೆ ಕಾಳಿನಷ್ಟು ಹಚ್ಚುತ್ತಾರೆ. ಮಗು ರಾತ್ರಿಯೆಲ್ಲ ಕೆರೆಯುತ್ತಲೇ ಇರುತ್ತದೆ. ಸರಿಯಾದ ಬಲದ್ದನ್ನು, ಸರಿಯಾದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಅಂಜಬೇಕಾದುದಿಲ್ಲ. ಎಷ್ಟು ಹಚ್ಚಬೇಕೆಂಬುದಕ್ಕೆ ಒಂದು ಸುಲಭವಾದ ಅಳತೆಯಿದೆ. ದೊಡ್ಡವರ ತೋರುಬೆರಳ ಕೊನೆಯ ಗೆಣ್ಣಿನಿಂದ ತುದಿಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿದರೆ ಸುಮಾರು ಅರ್ಧ ಗ್ರಾಮಿನಷ್ಟಾಗುತ್ತದೆ. ಅದು ದೊಡ್ಡವರ ಎರಡು ಅಂಗೈಗಳಷ್ಟು ಜಾಗಕ್ಕೆ ಸಾಲುತ್ತದೆ. ಈಚೆಗೆ ಸ್ಟೀರಾಯ್ಡ್ ಅಲ್ಲದ ಮುಲಾಮುಗಳೂ ಬಂದಿವೆ. ಯಾವುದು ಯಾರಿಗೆ ಎಂಬುದು ವೈದ್ಯರಿಗೆ ಬಿಟ್ಟ ವಿಷಯ.

ಮನೆಯಲ್ಲಿ ಕಾಯಬಾರದ ಸಂದರ್ಭಗಳೂ ಇವೆ. ಕೆರೆದ ಜಾಗದಲ್ಲಿ ಕೀವು ಅಥವಾ ಜೇನಿನ ಬಣ್ಣದ ಹೊಪ್ಪಳೆ ಕಟ್ಟಿದರೆ, ಜ್ವರ ಬಂದರೆ ಸೋಂಕು ತಗಲಿದೆಯೆಂದು ತಿಳಿದು ವೈದ್ಯರಲ್ಲಿಗೆ ಹೋಗಬೇಕು. ದದ್ದೆದ್ದುದರ ಜೊತೆಗೆ ತುಟಿ, ನಾಲಗೆ ಊದಿಕೊಂಡು, ಉಸಿರು ಕಟ್ಟಿ, ದನಿ ಒಡೆದು, ತಲೆ ಸುತ್ತಿದರೆ ಅದು ಪ್ರಾಣಕ್ಕೇ ಎರವಾಗುವ ಸ್ಥಿತಿ. ಆಗ ದೊಡ್ಡಪತ್ರೆಯನ್ನು ಹುಡುಕುತ್ತ ನಿಲ್ಲದೆ ಕೂಡಲೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ಅಡ್ರಿನಲಿನ್ ಚುಚ್ಚುಮದ್ದು ಅದಕ್ಕೆ ಮೊದಲ ಚಿಕಿತ್ಸೆ.

ಸಂಕ್ರಾಂತಿಯ ಮರುದಿನ ಹುಡುಗ ಶಾಲೆಗೆ ಬಂದ. ಬಂದವನು ಯಾರೂ ಹೇಳದೆಯೇ ಕಿಟಕಿಯ ಬಳಿಯ ಮುರುಕಲು ಬೆಂಚಿಗೆ ಹೋಗಿ ಕುಳಿತುಬಿಟ್ಟ. ನಾನು ಅಂದಿನ ಪಾಠವನ್ನು ಬದಿಗಿಟ್ಟು, ಅವನ ತಾಯಿ ಕೇಳಿದ ಪ್ರಶ್ನೆಯನ್ನು ತರಗತಿಗೆ ಕೇಳಿದೆ. ದೂರು ತಂದಿದ್ದ ಹುಡುಗರಲ್ಲಿಯೇ ಒಬ್ಬ ಎದ್ದು, "ತಮ್ಮನಿಗೇ ಅಂಟದಿದ್ದರೆ ನಮಗೂ ಅಂಟುವುದಿಲ್ಲ ಸಾರ್" ಎಂದ. ತಪ್ಪು ತಿಳಿದು ಬೇರೆ ಕೂರಿಸಿದವನು ನಾನು ಎಂದು ಎಲ್ಲರೆದುರು ಹೇಳಿ, ಅವನನ್ನು ಎರಡನೆಯ ಬೆಂಚಿಗೆ ಕರೆದೆ. ಅವನು ಏಳಲು ಸ್ವಲ್ಪ ಹೊತ್ತು ಹಿಡಿಯಿತು. ಇಸುಬು ಆ ವರ್ಷವೇ ಮಾಯವಾಗಲಿಲ್ಲ. ಮುಂದಿನ ಚಳಿಗಾಲ ಮತ್ತೆ ಬಂತು, ಅದರ ಮುಂದಿನ ವರ್ಷ ಇಳಿಯಿತು. ಬಹುಪಾಲು ಮಕ್ಕಳಲ್ಲಿ ವಯಸ್ಸಾದಂತೆ ಇದು ಹೀಗೆಯೇ ಹಿಮ್ಮೆಟ್ಟುತ್ತದೆ, ಕೆಲವರಲ್ಲಿ ಉಳಿದುಕೊಳ್ಳುತ್ತದೆ.

ನಿವೃತ್ತನಾದ ಮೇಲೊಮ್ಮೆ ಆ ಊರಿಗೆ ಹೋಗಿದ್ದೆ. ಈಗ ಅವನದು ಅಲ್ಲಿಯೇ ಒಂದು ಕಬ್ಬಿಣದ ಸಾಮಾನಿನ ಅಂಗಡಿ. ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ ಮೊಣಕೈಯನ್ನು ತೋರಿಸಿದ, ಗುರುತಷ್ಟೇ ಉಳಿದಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಆರು ವರ್ಷದ ಮಗಳು ಕುಳಿತಿದ್ದಳು. ಅವಳ ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯಿತ್ತು. "ಇವಳಿಗೂ ಬಂದಿದೆ ಸಾರ್. ಮನೆಯಲ್ಲಿ ಎಲ್ಲ ಕ್ರಮವಾಗಿ ನೋಡಿಕೊಳ್ಳುತ್ತೇವೆ. ವೈದ್ಯರ ಚೀಟಿಯನ್ನು ಶಾಲೆಗೆ ಕೊಟ್ಟಿದ್ದೇನೆ. ಅದರ ಜೊತೆಗೆ ಇದು ಅಂಟುವುದಿಲ್ಲವೆಂದು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ, ನೀವೇ ನಾಲ್ಕು ಸಾಲು ಬರೆದುಕೊಡಿ" ಎಂದ. ಅವನ ಅಂಗಡಿಯ ರಸೀತಿ ಪುಸ್ತಕದ ಒಂದು ಹಾಳೆಯ ಹಿಂಬದಿಯಲ್ಲಿ ಬರೆದುಕೊಟ್ಟೆ.